ರಾತ್ರಿ ಹಲ್ಲು ತೆಗೆದಿಡಿ

(ನಮ್ಮ ಬಡಾವಣೆಯ ಹಿರಿಯರ ಕೂಟದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆಯುವಾಗ ಕೆಲವು ಕಡೆ ಮೊಟಕು ಮಾಡಿದ್ದೇನೆ. ಆವತ್ತು ಮರೆತಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭಯ ಬೇಡ, ಯಾರಿಗೂ ಕೈ ಎತ್ತಿ ಅಂತ ಹೇಳುವುದಿಲ್ಲ. ಕನ್ನಡಕ ಯಾರಿಗಿದೆ ಅಂದರೆ ಎಲ್ಲರೂ ಕೈ ಎತ್ತುತ್ತೀರಿ. ಮಂಡಿ ನೋವು ಯಾರಿಗೆ ಅಂದರೆ ಎರಡೂ ಕೈ ಎತ್ತುತ್ತೀರಿ. ಹಲ್ಲು ಕಟ್ಟಿಸಿಕೊಂಡವರು ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಫ್ಯಾನ್ ನೋಡುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಲ್ಲು ಕಟ್ಟುವ ಕೆಲಸ ಮಾಡಿದವನು ನಾನು. ಹಾಗಾಗಿ ಈ ಕಡೆ ನಿಂತುಕೊಂಡರೆ ಯಾರದ್ದು ಸ್ವಂತ, ಯಾರದ್ದು ಕಟ್ಟಿಸಿದ್ದು ಅಂತ ಸುಮಾರಾಗಿ ಗೊತ್ತಾಗುತ್ತದೆ. ಹೇಳುವುದಿಲ್ಲ ಬಿಡಿ.

ಇವತ್ತಿನ ವಿಷಯ ಆ ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೆಳಗೆ ಬೆಳೆಯುವ ಬೂಷ್ಟು. ಹೌದು, ಬೂಷ್ಟು. ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದರೆ ಮೇಲೆ ಕಟ್ಟುತ್ತದಲ್ಲ, ಆ ಕುಲದ್ದೇ. ಬಾಯಲ್ಲಿ ಬೆಳೆಯುವುದು ಯೀಸ್ಟ್ ಜಾತಿಯದು. ಬ್ರೆಡ್ ಉಬ್ಬಿಸುವ ಯೀಸ್ಟಿಗೆ ದೂರದ ನೆಂಟ. ಹೆಸರು ಕ್ಯಾಂಡಿಡಾ ಆಲ್ಬಿಕನ್ಸ್.

ವಿಜ್ಞಾನಕ್ಕೆ ಹೋಗುವ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ.

ನಮ್ಮ ತಾಯಿಗೆ ಮೇಲೂ ಕೆಳಗೂ ಹಲ್ಲು ಕಟ್ಟಿಕೊಟ್ಟವನು ನಾನೇ. ಚೆನ್ನಾಗಿ ಕೂತಿತ್ತು. ನಿಪ್ಪಟ್ಟು ತಿನ್ನುತ್ತಿದ್ದರು. ಮನೆಗೆ ಬಂದವರಿಗೆಲ್ಲ "ಮಗ ಮಾಡಿದ್ದು" ಅಂತ ಹೇಳುತ್ತಿದ್ದರು. ಏಳು ವರ್ಷ ಹಾಗೇ ಹೋಯಿತು. ಆಮೇಲೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಅರಿವಳಿಕೆ ಕೊಡುವ ಮೊದಲು ಕಟ್ಟಿಸಿದ ಹಲ್ಲು ತೆಗೆಯಲೇಬೇಕು. ನರ್ಸ್ ಒಂದು ಬಟ್ಟೆಯಲ್ಲಿ ಸುತ್ತಿ ಸೆಟ್ ತಂದು ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ನೋಡಿದರೆ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. ನನ್ನ ಎದುರು! ಆ ಬಾಯಿಯ ಅಚ್ಚು ತೆಗೆದವನೇ ನಾನು.

"ಒಂದ್ಸಲ ಬಾಯಿ ತೆಗಿ ಅಮ್ಮ" ಅಂದೆ. ಇಷ್ಟವಿಲ್ಲದೆ ತೆಗೆದರು. ಅಂಗುಳು ಪೂರ್ತಿ ಕೆಂಪು. ಎಲ್ಲೆಲ್ಲಿ ಸೆಟ್ ಕೂರುತ್ತಿತ್ತೋ ಅಲ್ಲಲ್ಲಿ ಮಾತ್ರ. ಅಂಚಿನ ಆಚೆ ಸಹಜ ಬಣ್ಣ. ಸೆಟ್ಟಿನ ನಕ್ಷೆಯನ್ನೇ ಕೆಂಪು ಶಾಯಿಯಲ್ಲಿ ಬರೆದ ಹಾಗಿತ್ತು.

"ನೋವಿರಲಿಲ್ವಾ?" ಅಂತ ಕೇಳಿದೆ.

"ಇಲ್ಲವಲ್ಲೋ."

"ರಾತ್ರಿ ತೆಗೆದಿಡ್ತಿರಲಿಲ್ವಾ?"

"ಯಾರಾದ್ರೂ ನೋಡಿದ್ರೆ?"

ಏಳು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಒಂದು ದಿನವೂ ಕೇಳಿರಲಿಲ್ಲ. ಊರಿನವರಿಗೆಲ್ಲ ಸೆಟ್ ಕೊಡುವಾಗ "ರಾತ್ರಿ ನೀರಲ್ಲಿ ಹಾಕಿಡಿ" ಅಂತ ಒಂದು ಸಾಲು ಹೇಳುತ್ತಿದ್ದೆ, ಬಸ್ಸಿನಲ್ಲಿ ಕಂಡಕ್ಟರ್ "ಮುಂದೆ ಹೋಗಿ" ಅನ್ನುವ ಧಾಟಿಯಲ್ಲಿ. ಅಮ್ಮನಿಗೆ ಅದನ್ನೂ ಹೇಳಿರಲಿಲ್ಲವೇನೋ. ಗೊತ್ತಿರುತ್ತದೆ ಅಂದುಕೊಂಡೆ.

ಇನ್ನು ಆ ಕೆಂಪಿನ ಕಥೆ.

ಕ್ಯಾಂಡಿಡಾ ಹೊರಗಿನಿಂದ ಬಂದು ದಾಳಿ ಮಾಡುವ ಶತ್ರುವಲ್ಲ. ಆರೋಗ್ಯವಾಗಿರುವ ಸುಮಾರು ಅರ್ಧದಷ್ಟು ಜನರ ಬಾಯಲ್ಲಿ ಅದು ಸುಮ್ನೆ ಇರುತ್ತದೆ. ಜಗಲಿಯಲ್ಲಿ ಮಲಗಿದ ಬೀದಿನಾಯಿಯ ಹಾಗೆ. ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು. ಒಂದೊಂದು ಕಣ ಬಹಳ ಸಣ್ಣದು. ಹತ್ತು ಕಣ ಸಾಲಾಗಿ ನಿಂತರೂ ಒಂದು ತಲೆಗೂದಲ ದಪ್ಪಕ್ಕೆ ಸಾಲುವುದಿಲ್ಲ. ಅದನ್ನು ಹದ್ದುಬಸ್ತಿನಲ್ಲಿ ಇಡುವುದು ನಮ್ಮ ಎಂಜಲು. ಎಂಜಲು ಅಂದರೆ ನಮಗೆ ಮೈಲಿಗೆ. ಆದರೆ ದೇಹಕ್ಕೆ ಅದು ದಿನಪೂರ್ತಿ ಓಡುವ ಕಾಲುವೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಸುರಿಯುತ್ತದೆ. ಹರಿದು ತೊಳೆಯುತ್ತದೆ. ಹುಳಿ ಏರದಂತೆ ನೋಡಿಕೊಳ್ಳುತ್ತದೆ. ಬೂಷ್ಟನ್ನು ಕೊಲ್ಲುವ ಪ್ರೋಟೀನುಗಳೂ ಅದರಲ್ಲೇ ಇವೆ.

ಮೇಲಿನ ಸೆಟ್ ಬಾಯಲ್ಲಿ ನಿಲ್ಲುವುದು ಹೇಗೆ ಯೋಚನೆ ಮಾಡಿದ್ದೀರಾ? ಗೋಂದಿಲ್ಲ, ಮೊಳೆಯಿಲ್ಲ. ಎರಡು ಗಾಜಿನ ತುಂಡಿನ ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿದರೆ ಹೇಗೆ ಅಂಟಿಕೊಳ್ಳುತ್ತದೋ ಹಾಗೆ. ಅಂಗುಳಿಗೂ ಸೆಟ್ಟಿಗೂ ನಡುವೆ ಎಂಜಲಿನ ಒಂದು ತೆಳು ಪೊರೆ ಇರುತ್ತದೆ. ಸೆಟ್ ಬೀಳದಿರುವುದೇ ಆ ಪೊರೆಯಿಂದ. ತೊಂದರೆ ಶುರುವಾಗುವುದೂ ಅಲ್ಲೇ. ಆ ಪೊರೆ ಹರಿಯುವುದಿಲ್ಲ. ಕಾಲುವೆ ನಿಂತು ಹೊಂಡವಾಯಿತು. ಗಾಳಿಯಿಲ್ಲ, ಬೆಳಕಿಲ್ಲ, ಬೆಚ್ಚಗಿದೆ, ಹುಳಿಯಾಗಿದೆ. ಅಂಚಿನಿಂದ ಕಾಫಿಯ ಸಕ್ಕರೆ ಆಗಾಗ ಜಿನುಗುತ್ತದೆ. ಬೂಷ್ಟಿಗೆ ಇನ್ನೇನು ಬೇಕು?

ಕೆಳಗಿನ ಸೆಟ್ ಹಾಗಲ್ಲ. ಅದು ಕುದುರೆ ಲಾಳದ ಆಕಾರ. ನಾಲಿಗೆ ಆಡುತ್ತಿರುತ್ತದೆ, ಎಂಜಲು ನುಗ್ಗುತ್ತಿರುತ್ತದೆ. ಅದಕ್ಕೇ ಈ ಕೆಂಪು ಹೆಚ್ಚಾಗಿ ಮೇಲಿನ ಅಂಗುಳಿನಲ್ಲೇ ಕಾಣುತ್ತದೆ. ಇನ್ನೊಂದು ವಿಷಯ. ಚೆನ್ನಾಗಿ ಗಟ್ಟಿಯಾಗಿ ಕೂತಿರುವ ಸೆಟ್ಟಿನಲ್ಲಿ ಇದು ಬರುವುದಿಲ್ಲ ಅಂದುಕೊಳ್ಳಬೇಡಿ. ಸಡಿಲ ಸೆಟ್ ಅಲ್ಲಾಡಿ, ಉಜ್ಜಿ ಗಾಯ ಮಾಡುತ್ತದೆ, ಅದರಿಂದ ಬೂಷ್ಟಿಗೆ ಅನುಕೂಲ, ಅದು ನಿಜ. ಆದರೆ ಗಟ್ಟಿ ಸೆಟ್ಟಿನ ಕೆಳಗೂ ಹೊಂಡ ಹೊಂಡವೇ.

ಸೆಟ್ ಯಾವುದರಿಂದ ಮಾಡುತ್ತೇವೆ ಅನ್ನುವುದೂ ಮುಖ್ಯ. ನಮ್ಮ ಅಜ್ಜಂದಿರ ಕಾಲದಲ್ಲಿ ವಲ್ಕನೈಟ್ ಅಂತ ಗಟ್ಟಿ ರಬ್ಬರ್ ಇತ್ತು. ಕಂದುಗೆಂಪು ಬಣ್ಣ, ನೋಡಲು ಚೆಂದವಿಲ್ಲ. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂತು. ಒಸಡಿನ ಬಣ್ಣದ್ದೇ ಗುಲಾಬಿ. ಇವತ್ತಿಗೂ ಹೆಚ್ಚಿನ ಸೆಟ್ಟುಗಳು ಅದರದ್ದೇ. ಕಣ್ಣಿಗೆ ನುಣ್ಣಗೆ ಕಾಣುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೂತು, ಗೀರು. ಹೊರಮೈಯನ್ನು ನಾವು ಪಾಲಿಶ್ ಮಾಡುತ್ತೇವೆ. ಒಳಮೈಯನ್ನು ಮಾಡುವ ಹಾಗಿಲ್ಲ, ಮಾಡಿದರೆ ಅಳತೆ ತಪ್ಪುತ್ತದೆ. ಹಾಗಾಗಿ ಅಂಗುಳಿಗೆ ತಾಗುವ ಕಡೆ ಒರಟಾಗಿಯೇ ಇರುತ್ತದೆ. ಕ್ಯಾಂಡಿಡಾ ಅಲ್ಲಿ ಕಾಲೂರುತ್ತದೆ. ದುಂಡಗಿದ್ದದ್ದು ಬೇರಿನ ಹಾಗೆ ಎಳೆ ಬಿಡುತ್ತದೆ. ಪಕ್ಕದ ಬ್ಯಾಕ್ಟೀರಿಯಾಗಳನ್ನೂ ಸೇರಿಸಿಕೊಂಡು ಲೋಳೆಯ ಪದರ ಕಟ್ಟುತ್ತದೆ.

ಕಲ್ಯಾಣಿಯ ಮೆಟ್ಟಿಲ ಮೇಲಿನ ಪಾಚಿ ನೋಡಿದ್ದೀರಲ್ಲ. ಕೊಡಗಟ್ಟಲೆ ನೀರು ಸುರಿದರೆ ಹೋಗುತ್ತದಾ? ಇಲ್ಲ. ಉಜ್ಜಬೇಕು. ಇದೂ ಹಾಗೇ. ಪದರದ ಒಳಗಿರುವ ಬೂಷ್ಟಿಗೆ ಔಷಧಿಯೂ ಸುಲಭಕ್ಕೆ ತಾಗುವುದಿಲ್ಲ. ಅದಕ್ಕೇ ನಾನು ಪದೇ ಪದೇ ಹೇಳುವುದು, ರೋಗ ಇರುವುದು ಬಾಯಲ್ಲಿ ಸ್ವಲ್ಪ, ಸೆಟ್ಟಿನಲ್ಲಿ ಜಾಸ್ತಿ. ಅಂಗುಳಿಗೆ ಮಾತ್ರ ಔಷಧಿ ಹಚ್ಚಿ ಅದೇ ಸೆಟ್ ಹಾಕಿಕೊಂಡರೆ, ಸ್ನಾನ ಮಾಡಿ ಅದೇ ಕೊಳೆ ಅಂಗಿ ತೊಟ್ಟ ಹಾಗೆ.

ಹೆಸರಿನ ವಿಷಯದಲ್ಲಿ ಒಂದು ತಮಾಷೆ ಇದೆ. ಲ್ಯಾಟಿನ್ನಿನಲ್ಲಿ ಕ್ಯಾಂಡಿಡಾ ಅಂದರೆ ಬಿಳಿ. ಆಲ್ಬಿಕನ್ಸ್ ಅಂದರೂ ಬೆಳ್ಳಗಾಗುವುದು. ಎರಡು ಸಲ ಬಿಳಿ. ಹಾಲು ಕುಡಿಯುವ ಕೂಸಿನ ನಾಲಿಗೆ ಮೇಲೆ ಮೊಸರು ಮೆತ್ತಿದ ಹಾಗೆ ಬರುತ್ತದಲ್ಲ, ಅದು ಇದೇ ಬೂಷ್ಟು, ಅಲ್ಲಿ ಹೆಸರಿಗೆ ತಕ್ಕ ಬಣ್ಣ. ಸೆಟ್ಟಿನ ಕೆಳಗೆ ಮಾತ್ರ ಕೆಂಪು. ಅದಕ್ಕೇ ಜನ ಮೋಸ ಹೋಗುತ್ತಾರೆ. "ಬಿಳಿ ಏನೂ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ.

ವೈದ್ಯರ ಭಾಷೆಯಲ್ಲಿ ಇದಕ್ಕೆ ಡೆಂಚರ್ ಸ್ಟೊಮಟೈಟಿಸ್ ಅನ್ನುತ್ತಾರೆ. 1962ರಲ್ಲಿ ನ್ಯೂಟನ್ ಅನ್ನುವವರು ಇದನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದರು. ಸೇಬಿನ ಮರದ ನ್ಯೂಟನ್ ಅಲ್ಲ, ಇವರು ಬೇರೆ. ಮೊದಲನೆಯದು ಗುಂಡುಸೂಜಿ ತಲೆಯಷ್ಟು ಕೆಂಪು ಚುಕ್ಕೆಗಳು. ಎರಡನೆಯದು ನಮ್ಮಮ್ಮನದು, ಸೆಟ್ಟಿನ ಉದ್ದಗಲಕ್ಕೂ ಹರಡಿದ ಕೆಂಪು. ಮೂರನೆಯದರಲ್ಲಿ ಅಂಗುಳಿನ ನಡುಭಾಗ ಹಾಗಲಕಾಯಿ ಸಿಪ್ಪೆಯ ಹಾಗೆ ಗುಬುಟು ಗುಬುಟಾಗುತ್ತದೆ. ಅಲ್ಲಿಗೆ ಹೋದರೆ ಬರೀ ಔಷಧಿಯಿಂದ ಪೂರ್ತಿ ನುಣ್ಣಗಾಗುವುದು ಕಷ್ಟ. ಕೆಲವೊಮ್ಮೆ ಕೆತ್ತಿ ತೆಗೆಯಬೇಕಾಗುತ್ತದೆ.

ಎಷ್ಟು ಜನಕ್ಕೆ ಇರುತ್ತದೆ ಅಂತ ಕೇಳಿದರೆ, ಬೇರೆ ಬೇರೆ ದೇಶಗಳ ಅಧ್ಯಯನಗಳು ಬೇರೆ ಬೇರೆ ಅಂಕಿ ಕೊಡುತ್ತವೆ. ಸೆಟ್ ಹಾಕುವವರಲ್ಲಿ ಶೇಕಡಾ 15 ಅನ್ನುವವರಿದ್ದಾರೆ, ಶೇಕಡಾ 70 ಅನ್ನುವವರೂ ಇದ್ದಾರೆ. ವೃದ್ಧಾಶ್ರಮದಲ್ಲಿ ನೋಡಿದರೆ ಒಂದು ಅಂಕಿ, ಕ್ಲಿನಿಕ್ಕಿನಲ್ಲಿ ನೋಡಿದರೆ ಇನ್ನೊಂದು. ಹೆಚ್ಚಿನವರಿಗೆ ನೋವೇ ಇರುವುದಿಲ್ಲ ಅನ್ನುವುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು. ಕೆಲವರಿಗೆ ಸಾರು ಖಾರ ಅನಿಸುತ್ತದೆ. ಕೆಲವರಿಗೆ ಬಾಯಿ ರುಚಿ ಕೆಡುತ್ತದೆ, ಉರಿಯುತ್ತದೆ, ವಾಸನೆ ಬರುತ್ತದೆ. "ಸೊಸೆ ಸಾರಿಗೆ ಖಾರ ಜಾಸ್ತಿ ಹಾಕುತ್ತಾಳೆ" ಅಂತ ನನ್ನ ಹತ್ತಿರ ದೂರು ಹೇಳಿದ ಒಬ್ಬ ಅಜ್ಜಿಯ ಅಂಗುಳು ನೋಡಿದ ಮೇಲೆ ಸೊಸೆಯ ಮೇಲಿನ ಆರೋಪ ಬಿದ್ದುಹೋಯಿತು.

ಬಾಯಿಯ ಮೂಲೆ ಒಡೆಯುವುದು ಇದರ ಜೊತೆಯದೇ. ಕಟಬಾಯಿ ಸೀಳಿ ಕೆಂಪಾಗುತ್ತದೆ, ಆಕಳಿಸಿದರೆ ಚುರ್ ಅನ್ನುತ್ತದೆ. ನಮ್ಮಲ್ಲಿ ತಕ್ಷಣ "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಅನ್ನುತ್ತಾರೆ. ಮಜ್ಜಿಗೆ ಕುಡಿಯಿರಿ, ಒಳ್ಳೆಯದೇ. ಆದರೆ ನಡೆದಿರುವುದು ಬೇರೆ. ಹಲ್ಲು ಹೋದ ಮೇಲೆ ದವಡೆ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಸೆಟ್ಟಿನ ಹಲ್ಲೂ ಸವೆಯುತ್ತದೆ. ಮುಖದ ಎತ್ತರ ತಗ್ಗಿ ಗಲ್ಲ ಮೂಗಿನ ಹತ್ತಿರ ಬರುತ್ತದೆ. ಬಾಯಿಯ ಮೂಲೆಯಲ್ಲಿ ಮಡಿಕೆ ಬೀಳುತ್ತದೆ. ಆ ಮಡಿಕೆಯಲ್ಲಿ ಎಂಜಲು ನಿಂತು ಕ್ಯಾಂಡಿಡಾ ಸೇರಿಕೊಳ್ಳುತ್ತದೆ. ಜೊತೆಗೆ ಚರ್ಮದ ಬ್ಯಾಕ್ಟೀರಿಯಾಗಳೂ ಇರುತ್ತವೆ. ಮುಲಾಮು ಹಚ್ಚಿದರೆ ವಾಸಿಯಾಗಿ ತಿಂಗಳಿಗೆ ಮತ್ತೆ ಬರುತ್ತದೆ. ಸೆಟ್ ಹೊಸದು ಮಾಡಿಸಬೇಕೋ ಅಂತ ನೋಡಿಸಿ. ಕಬ್ಬಿಣಾಂಶ, ಬಿ12 ಕಡಿಮೆ ಇದೆಯಾ ಅಂತ ರಕ್ತವನ್ನೂ ನೋಡಿಸಿ.

ಯಾರಿಗೆ ಇದು ಬೇಗ ಅಂಟುತ್ತದೆ? ಸಕ್ಕರೆ ಕಾಯಿಲೆ ಹಿಡಿತದಲ್ಲಿ ಇಲ್ಲದವರಿಗೆ. ಬಾಯಿ ಒಣಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ. ಖಿನ್ನತೆಗೆ, ಅಲರ್ಜಿಗೆ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆಗಳು ಹಾಗೆ ಮಾಡುತ್ತವೆ. ಬೀಡಿ ಸಿಗರೇಟು ಸೇದುವವರಿಗೆ. ಈಚೆಗೆ ಆಂಟಿಬಯಾಟಿಕ್ ತಗೊಂಡವರಿಗೆ. ಆಸ್ತಮಾಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಿಗೆ. ಇನ್‌ಹೇಲರ್‌ನವರು ಔಷಧಿ ನಿಲ್ಲಿಸಬೇಡಿ ದಯವಿಟ್ಟು. ಎಳೆದ ಮೇಲೆ ಸೆಟ್ ತೆಗೆದು, ಬಾಯಿ ಮುಕ್ಕಳಿಸಿ ಉಗುಳಿ. ನುಂಗಬೇಡಿ. ಅಷ್ಟು ಸಾಕು. ಬಾಯಿಗೂ ಇನ್‌ಹೇಲರಿಗೂ ನಡುವೆ ಹಾಕುವ ಕೊಳವೆ ಬರುತ್ತದೆ, ಅದು ಇದ್ದರೆ ಇನ್ನೂ ಒಳ್ಳೆಯದು.

ಈಗ ಔಷಧಿ. ಇಲ್ಲಿ ಒಂದು ಕಥೆ ಹೇಳಲೇಬೇಕು, ನನಗೆ ತುಂಬಾ ಇಷ್ಟವಾದದ್ದು.

ಎರಡನೇ ಮಹಾಯುದ್ಧದ ಹೊತ್ತಿಗೆ ಪೆನಿಸಿಲಿನ್ ಬಂದಿತ್ತು. ಬ್ಯಾಕ್ಟೀರಿಯಾ ಸಾಯುತ್ತಿತ್ತು. ಆದರೆ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಬೂಷ್ಟು ಬೆಳೆಯತೊಡಗಿತು. ಬೂಷ್ಟನ್ನು ಕೊಂದು ಮನುಷ್ಯನನ್ನು ಕೊಲ್ಲದ ಔಷಧಿ ಇರಲಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಇಬ್ಬರು ಹೆಂಗಸರು ಕೆಲಸ ಮಾಡುತ್ತಿದ್ದರು. ಎಲಿಜಬೆತ್ ಹೇಜನ್ ಸೂಕ್ಷ್ಮಜೀವಿಗಳನ್ನು ಓದಿದವರು, ನ್ಯೂಯಾರ್ಕ್ ನಗರದಲ್ಲಿದ್ದರು. ರೇಚಲ್ ಬ್ರೌನ್ ರಸಾಯನಶಾಸ್ತ್ರದವರು, ಆಲ್ಬನಿಯಲ್ಲಿದ್ದರು. ನಡುವೆ 200 ಕಿಲೋಮೀಟರಿಗೂ ಜಾಸ್ತಿ ದೂರ. ಹೇಜನ್ ಎಲ್ಲಿ ಸಿಕ್ಕಿತೋ ಅಲ್ಲಿಂದ ಮಣ್ಣು ತಂದು ಅದರಲ್ಲಿನ ಜೀವಿಗಳನ್ನು ಬೆಳೆಸುವುದು. ಯಾವುದು ಬೂಷ್ಟನ್ನು ಕೊಲ್ಲುತ್ತದೋ ಅದನ್ನು ಜಾಡಿಗೆ ತುಂಬಿ ಟಪಾಲಿನಲ್ಲಿ ಬ್ರೌನ್‌ಗೆ ಕಳಿಸುವುದು. ಬ್ರೌನ್ ಅದರ ಸಾರ ತೆಗೆದು ಮತ್ತೆ ಟಪಾಲಿನಲ್ಲಿ ವಾಪಸ್ ಕಳಿಸುವುದು. ಹೆಚ್ಚಿನವು ಇಲಿಗೂ ವಿಷವಾಗುತ್ತಿದ್ದವು. ಕೊನೆಗೆ ಕೆಲಸಕ್ಕೆ ಬಂದ ಮಣ್ಣು ವರ್ಜೀನಿಯಾದಲ್ಲಿ ಹೇಜನ್ ಅವರ ಸ್ನೇಹಿತರಾದ ನೂರ್ಸ್ ಅನ್ನುವ ಮನೆತನದವರ ಹಾಲಿನ ಫಾರ್ಮಿನದು. ಹಸು ಸಾಕುವ ಜಾಗದ ಮಣ್ಣು! ಆ ಜೀವಿಗೆ ಆ ಮನೆತನದ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ನೂರ್ಸೈ ಅಂತ ಕರೆದರು. ಔಷಧಿಗೆ ನ್ಯೂಯಾರ್ಕ್ ಸ್ಟೇಟ್ ಅನ್ನುವುದನ್ನೇ ಮೊಟಕು ಮಾಡಿ ನಿಸ್ಟಾಟಿನ್ ಅಂತ ಇಟ್ಟರು. 1950ರಲ್ಲಿ ಲೋಕಕ್ಕೆ ತಿಳಿಸಿದರು. ಪೇಟೆಂಟಿನಿಂದ ಬಂದ ಹಣ 1 ಕೋಟಿ 30 ಲಕ್ಷ ಡಾಲರಿಗೂ ಮೇಲೆ. ಇಬ್ಬರೂ ಅದರಲ್ಲಿ ತಮಗೆ ಅಂತ ಇಟ್ಟುಕೊಳ್ಳದೆ ಸಂಶೋಧನೆಗೇ ಬಿಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ನೆರೆ ಬಂದು ಹಳೆಯ ಚಿತ್ರಗಳಿಗೆ ಬೂಷ್ಟು ಹಿಡಿದಾಗ ಅಲ್ಲೂ ಇದೇ ನಿಸ್ಟಾಟಿನ್ ಬಳಸಿದರು. ಚರ್ಚಿನ ಚಿತ್ರಕ್ಕೂ ಅಜ್ಜಿಯ ಅಂಗುಳಿಗೂ ಒಂದೇ ಮದ್ದು.

ಈಗ ನಮ್ಮಲ್ಲಿ ಜಾಸ್ತಿ ಬರೆದುಕೊಡುವುದು ಕ್ಲೋಟ್ರಿಮಜೋಲ್ ಅನ್ನುವ ಬಾಯಿಗೆ ಹಚ್ಚುವ ದ್ರವ. ಸಾಮಾನ್ಯವಾಗಿ ಒಂದರಿಂದ ಎರಡು ವಾರ ಹಚ್ಚಬೇಕು. ಎರಡೇ ದಿನಕ್ಕೆ ಉರಿ ಹೋಯಿತು ಅಂತ ಬಿಡಬಾರದು. ಸೆಟ್ ತೆಗೆದು ಅಂಗುಳಿಗೆ ಹಚ್ಚಿ. ಸೆಟ್ ಹಾಕಿಕೊಂಡು ಹಚ್ಚಿದರೆ ಔಷಧಿ ಪ್ಲಾಸ್ಟಿಕ್ಕಿನ ಹೊರಗೇ ಉಳಿಯುತ್ತದೆ. ನಗಬೇಡಿ, ಹಾಗೆ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನಾವು ಸರಿಯಾಗಿ ಹೇಳದೆ ಹೋದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೊಮರಾಲ್ ಮಾತ್ರೆ ತಗೊಳ್ಳುವವರು ಇಲ್ಲಿ ಇದ್ದೇ ಇರುತ್ತೀರಿ. ಮೈಕೊನಜೋಲ್ ಅಂತ ಬಾಯಿಗೆ ಹಚ್ಚುವ ಜೆಲ್ ಇದೆ. ಹಚ್ಚುವುದು ತಾನೇ ಅಂದುಕೊಳ್ಳಬೇಡಿ. ಅದು ಹೊಟ್ಟೆಗೂ ಹೋಗುತ್ತದೆ. ಹೋಗಿ ನಿಮ್ಮ ಮಾತ್ರೆಯ ಬಲ ಏರಿಸುತ್ತದೆ. ರಕ್ತಸ್ರಾವ ಆಗಿ ಜೀವಕ್ಕೇ ಅಪಾಯವಾದ ಪ್ರಸಂಗಗಳು ದಾಖಲಾಗಿವೆ. ಫ್ಲುಕೊನಜೋಲ್ ಮಾತ್ರೆಗೂ ಈ ಗುಣ ಇದೆ. ಅದು ಗ್ಲಿಮೆಪಿರೈಡ್ ಥರದ ಸಕ್ಕರೆ ಕಾಯಿಲೆಯ ಮಾತ್ರೆಯ ಬಲವನ್ನೂ ಏರಿಸಿ ಸಕ್ಕರೆ ಕುಸಿಯುವಂತೆ ಮಾಡಬಹುದು. ಆದ್ದರಿಂದ ಮೆಡಿಕಲ್ ಸ್ಟೋರಿಗೆ ಹೋಗಿ "ಬಾಯಿ ಉರಿಗೆ ಏನಾದ್ರೂ ಕೊಡಪ್ಪ" ಅನ್ನಬೇಡಿ. ದಂತವೈದ್ಯರ ಹತ್ತಿರ ಹೋಗುವಾಗ ನಿಮ್ಮ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಚೀಟಿಗಿಂತ ಚೀಲ ವಾಸಿ. ಚೀಟಿ ಹಳೆಯದಿರುತ್ತದೆ.

ಸೆಟ್ ತೊಳೆಯುವ ವಿಷಯ. ಹೆಚ್ಚಿನವರು ಹಲ್ಲು ಕಾಣುವ ಕಡೆ ಫಳಫಳ ಮಾಡುತ್ತೀರಿ. ಒಳಗಡೆ, ಅಂಗುಳಿಗೆ ತಾಗುವ ಕಡೆ ಒಂದು ಸಲ ನೀರು ಬಿಟ್ಟು ಮುಗಿಸುತ್ತೀರಿ. ಮನೆ ಮುಂದೆ ಮಾತ್ರ ರಂಗೋಲಿ, ಹಿತ್ತಲಲ್ಲಿ ಕಸ. ಮೆತ್ತಗಿನ ಬ್ರಷ್ ತಗೊಂಡು ಒಳಮೈ ಉಜ್ಜಿ. ಟೂತ್‌ಪೇಸ್ಟ್ ಬೇಡ, ಹಲ್ಲಿನ ಪುಡಿಯಂತೂ ಬೇಡವೇ ಬೇಡ. ಅಕ್ರಿಲಿಕ್ ಮೆದು, ಗೀರು ಬೀಳುತ್ತದೆ, ಪ್ರತಿ ಗೀರೂ ಬೂಷ್ಟಿಗೆ ಒಂದು ಕೋಣೆ. ಸ್ವಲ್ಪ ಸೋಪು ಸಾಕು, ಪಾತ್ರೆ ತೊಳೆಯುವ ದ್ರವವೂ ಆಗುತ್ತದೆ, ಆಮೇಲೆ ಚೆನ್ನಾಗಿ ತೊಳೆದುಬಿಡಿ. ಬೇಸಿನ್ನಿನಲ್ಲಿ ನೀರು ತುಂಬಿಸಿಕೊಂಡು ಅದರ ಮೇಲೆ ಹಿಡಿದು ಉಜ್ಜಿ. ಸೋಪಿನ ಕೈಯಿಂದ ಜಾರಿದರೆ ನೀರಿಗೆ ಬೀಳಲಿ. ಕಲ್ಲಿಗೆ ಬಿದ್ದರೆ ಎರಡು ತುಂಡು.

ಕುದಿಯುವ ನೀರಿಗೆ ಹಾಕಬೇಡಿ. ಬಿಸಿನೀರಿನಲ್ಲಿ ಕ್ರಿಮಿ ಸಾಯುತ್ತದೆ ಅನ್ನುವುದು ನಿಜ, ಆದರೆ ಸೆಟ್ ಸೊಟ್ಟಗಾಗುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಸೆಟ್ಟಿನ ಮೇಲೆ ಬಿಳಿ ಗಾರೆ ಕಟ್ಟುತ್ತದೆ. ಬಿಸಿನೀರಿನ ಕಾಯಿಲಿಗೆ ಕಟ್ಟುತ್ತದಲ್ಲ, ಹಾಗೆ. ಅದಕ್ಕೆ ನೀರು ಬೆರೆಸಿದ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಮೆತ್ತಗಾಗುತ್ತದೆ. ಚಾಕು ತಗೊಂಡು ಕೆರೆಯಬೇಡಿ. ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿಗೆ ಬೂಷ್ಟು ಸಾಯುತ್ತದೆ ಅನ್ನುವುದೂ ನಿಜ. ಆದರೆ ಎಷ್ಟು ನೀರಿಗೆ ಎಷ್ಟು ಅನ್ನುವುದನ್ನು ನಿಮ್ಮ ದಂತವೈದ್ಯರು ಹೇಳಲಿ, ಮತ್ತು 10 ನಿಮಿಷ ಮೀರಿಸಬೇಡಿ. ಕಂಬಿ ಅಥವಾ ಲೋಹ ಇರುವ ಸೆಟ್ಟಿಗೆ ಅದು ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಲ್ಲೂ ನೆನೆಸಬಹುದು, ಕಂದು ಕಲೆ ಬೀಳುತ್ತದೆ ಅಷ್ಟೇ. ಅದನ್ನೂ ನಿಸ್ಟಾಟಿನ್ನನ್ನೂ ಒಂದೇ ಹೊತ್ತಿನಲ್ಲಿ ಬಳಸಬೇಡಿ, ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಔಷಧಿಗೆ ಕಾಸೇ ಇಲ್ಲ. ರಾತ್ರಿ ತೆಗೆದಿಡುವುದು. ಆರೇಳು ಗಂಟೆ ಅಂಗುಳಿಗೆ ಗಾಳಿ, ಎಂಜಲು, ನಾಲಿಗೆಯ ಉಜ್ಜಾಟ ಸಿಕ್ಕರೆ ಎಷ್ಟೋ ಸೌಮ್ಯವಾದ ಕೆಂಪು ತಾನಾಗಿ ಇಳಿಯುತ್ತದೆ. ಜಪಾನಿನ ಟೋಕಿಯೋದಲ್ಲಿ 85 ವರ್ಷ ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇತ್ತು. ಸೆಟ್ಟೇ ನೇರ ಕಾರಣ ಅಂತ ಅದರಿಂದ ಸಾಬೀತಾಗಲಿಲ್ಲ. ಅದೂ ಅಲ್ಲದೆ ಆ ವಯಸ್ಸಿನ ನ್ಯುಮೋನಿಯಾ ಹೆಚ್ಚಾಗಿ ಬ್ಯಾಕ್ಟೀರಿಯಾದ್ದು, ಬೂಷ್ಟಿನದ್ದಲ್ಲ. ಆದರೆ ಮಲಗಿದಾಗ ಬಾಯಲ್ಲಿ ಇರುವುದು ಒಂದಿಷ್ಟು ಶ್ವಾಸಕ್ಕೆ ಇಳಿಯುತ್ತದೆ. ಪಾಚಿ ಕಟ್ಟಿದ ತೊಟ್ಟಿ ಬಾಯಲ್ಲಿಟ್ಟುಕೊಂಡು ಮಲಗುವುದು ಯಾಕೆ?

ಈಗ ಕಷ್ಟದ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದು ಯಾವ ದಂತವೈದ್ಯರಾದರೂ ಹೇಳುತ್ತಾರೆ. ಜನ ತಲೆ ಆಡಿಸಿ ಮನೆಗೆ ಹೋಗುತ್ತಾರೆ. ರಾತ್ರಿ ತೆಗೆಯುವುದಿಲ್ಲ. ಯಾಕೆ? ಮರೆವಿನಿಂದಲ್ಲ. ನಾಚಿಕೆ.

ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಮಗನ ಮದುವೆಗೆ ಅಂತ ಹೊಸ ಹಲ್ಲು ಕಟ್ಟಿಸಿಕೊಂಡಿದ್ದರು. ಬೀಗರು ಐದು ದಿನ ಮನೆಯಲ್ಲಿದ್ದರು. ಮೇಷ್ಟ್ರು ಐದು ದಿನ, ಐದು ರಾತ್ರಿ ಸೆಟ್ ತೆಗೆಯಲಿಲ್ಲ. ತೊಳೆಯಲು ಬಚ್ಚಲಿಗೆ ಹೋದರೆ ಯಾರಾದರೂ ಬಾಗಿಲು ತಟ್ಟಿಬಿಟ್ಟರೆ ಅನ್ನುವ ಭಯ. ಆರನೇ ದಿನ ಬಂದಾಗ ಬಾಯಿ ಬೆಂದ ಹಾಗಿತ್ತು. "ಮೂವತ್ತೈದು ವರ್ಷ ಹುಡುಗರ ಮುಂದೆ ನಿಂತವನು ನಾನು, ಬೊಚ್ಚುಬಾಯಿ ತೋರಿಸ್ಲಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ತೀರಿಹೋಗುವವರೆಗೂ ಗಂಡನ ಹಲ್ಲು ಸ್ವಂತದ್ದಲ್ಲ ಅಂತ ಗೊತ್ತಿರದ ಮನೆಗಳನ್ನು ಕಂಡಿದ್ದೇನೆ.

ಹಾಗಾಗಿ ಈಗ ನಾನು ಬೇರೆ ಥರ ಹೇಳುತ್ತೇನೆ. ರಾತ್ರಿ ಆಗದಿದ್ದರೆ ಮಧ್ಯಾಹ್ನ. ಊಟವಾದ ಮೇಲೆ ಕೋಣೆ ಬಾಗಿಲು ಹಾಕಿಕೊಂಡು ಎರಡು ಮೂರು ಗಂಟೆ ತೆಗೆದಿಡಿ. ರಾತ್ರಿಯಷ್ಟು ಒಳ್ಳೆಯದಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಮೇಲು. ಮಕ್ಕಳು ಸೊಸೆಯಂದಿರಿಗೆ ಒಂದು ಮಾತು: ಹಿರಿಯರ ಕೋಣೆಗೆ ಹೋಗುವಾಗ ಬಾಗಿಲು ತಟ್ಟಿ. ಒಂದು ಮುಚ್ಚಳ ಇರುವ ಡಬ್ಬಿ ತಂದುಕೊಡಿ, ಪಾರದರ್ಶಕದ್ದು ಬೇಡ. ಮೊಮ್ಮಗು "ಅಜ್ಜಿ ಹಲ್ಲು ಲೋಟದಲ್ಲಿದೆ" ಅಂತ ಕೂಗಿದಾಗ ನಗಬೇಡಿ. ಆ ಒಂದು ನಗುವಿಗೆ ಅಜ್ಜಿ ಮುಂದಿನ ಹತ್ತು ವರ್ಷ ಹಲ್ಲು ತೆಗೆಯುವುದಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

"ನೀರಲ್ಲೇ ಹಾಕಿಡಬೇಕಾ? ಒಣಗಿಸಿದ್ರೆ ಆಗಲ್ವಾ?" ಮುಂದಿನ ಸಾಲಿನ ಯಜಮಾನರು ಕೇಳಿದರು.

ಒಳ್ಳೆಯ ಪ್ರಶ್ನೆ. ಒಣಗಲು ಬಿಟ್ಟರೆ ಬೂಷ್ಟು ಕಡಿಮೆಯಾಗುತ್ತದೆ ಅಂತ ತೋರಿಸಿದ ಅಧ್ಯಯನಗಳು ಇವೆ. ಆದರೆ ಅಕ್ರಿಲಿಕ್ ಒಣಗಿ ಒದ್ದೆಯಾಗುತ್ತಾ ಇದ್ದರೆ ಅಳತೆ ಸ್ವಲ್ಪ ಆಚೀಚೆ ಆಗಬಹುದು. ಅದಕ್ಕೆ ನಾವು ನೀರಿನಲ್ಲಿ ಇಡಿ ಅನ್ನುತ್ತೇವೆ. ಉಜ್ಜಿ ತೊಳೆದು ಆಮೇಲೆ ನೀರಿಗೆ ಹಾಕಿ, ನೀರು ದಿನಾ ಬದಲಾಯಿಸಿ. ಉಜ್ಜದೆ ನೀರಿಗೆ ಹಾಕಿದರೆ ಬೂಷ್ಟಿಗೆ ಸ್ನಾನ ಮಾಡಿಸಿದ ಹಾಗೆ.

"ಎಲೆ ಅಡಿಕೆ ಹಾಕ್ಕೊಳ್ಳೋವ್ರಿಗೂ ಅಂಗುಳು ಕೆಂಪಾಗುತ್ತಲ್ಲ, ಅದು ಬೇರೆ ಇದು ಬೇರೆ ಅಂತ ಹೆಂಗೆ ಗೊತ್ತಾಗುತ್ತೆ?" ಹಿಂದಿನಿಂದ ಒಬ್ಬ ತಾಯಿ ಕೇಳಿದರು.

ಎಲೆ ಅಡಿಕೆಯ ಬಣ್ಣ ನಾಲಿಗೆ, ಕೆನ್ನೆ ಎಲ್ಲಾ ಕಡೆ ಇರುತ್ತದೆ. ಇದಕ್ಕೆ ಸೆಟ್ಟಿನ ಗಡಿ ಇರುತ್ತದೆ. ಆದರೆ ಅಡಿಕೆ, ಹೊಗೆಸೊಪ್ಪು ಹಾಕುವವರು ಇನ್ನೊಂದು ಗಮನಿಸಬೇಕು. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಮಚ್ಚೆ, ಗಟ್ಟಿಯಾದ ಅಂಚು, ಬಾಯಿ ತೆರೆಯಲು ಬಿಗಿತ, ಇವು ಕಂಡರೆ ಬೂಷ್ಟು ಅಂದುಕೊಂಡು ಮುಲಾಮು ಹಚ್ಚುತ್ತಾ ಕೂರಬೇಡಿ. ಅದು ಕ್ಯಾನ್ಸರೋ ಅಲ್ಲವೋ ಅಂತ ನೋಡಿಸಲೇಬೇಕು.

"ಒಂದ್ಸಲ ಮಾಡಿಸಿದ ಸೆಟ್ ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ? ನಂದು ಇಪ್ಪತ್ತೆರಡು ವರ್ಷ ಆಯ್ತು, ಏನೂ ಆಗಿಲ್ಲ."

ಸೆಟ್ಟಿಗೆ ಏನೂ ಆಗಿಲ್ಲ ಸ್ವಾಮಿ, ಕೆಳಗಿನ ದವಡೆ ಬದಲಾಗಿದೆ. ಐದರಿಂದ ಏಳು ವರ್ಷಕ್ಕೆ ಒಮ್ಮೆಯಾದರೂ ಹೊಸದು ಬೇಕಾ, ಒಳಗೆ ಹೊಸ ಪದರ ಹಾಕಿದರೆ ಸಾಕಾ ಅಂತ ನೋಡಿಸಿ. ವರ್ಷಕ್ಕೊಮ್ಮೆ ಸೆಟ್ ತೆಗೆದು ಬಾಯಿ ತೋರಿಸಿ. ಹಲ್ಲೇ ಇಲ್ಲದವರಿಗೆ ಹಲ್ಲಿನ ಡಾಕ್ಟರ್ ಯಾಕೆ ಅನ್ನಬೇಡಿ.

ಕೊನೆಗೆ ಕಿಟಕಿ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೇ ಕೇಳಿದರು. "ನಿಮ್ಮ ತಾಯಿ ಆಮೇಲೆ ತೆಗೆದಿಡ್ತಿದ್ರಾ?"

ತೆಗೆದಿಡುತ್ತಿದ್ದರು ಅಮ್ಮ. ಔಷಧಿ ಹಚ್ಚಿ, ಹೊಸ ಸೆಟ್ ಮಾಡಿಕೊಟ್ಟ ಮೇಲೆ ಅಂಗುಳು ಸರಿಹೋಯಿತು. ಆದರೆ ಇರುವಷ್ಟು ದಿನವೂ ದೀಪ ಆರಿಸಿದ ಮೇಲೇ ತೆಗೆಯುತ್ತಿದ್ದರು. ಬೆಳಿಗ್ಗೆ ನಾನು ಏಳುವ ಮೊದಲೇ ಹಾಕಿಕೊಂಡಿರುತ್ತಿದ್ದರು. ಡಬ್ಬಿ ತಂದುಕೊಟ್ಟಿದ್ದೆ, ಅದರಲ್ಲಿ ಗುಂಡಿ ಸೂಜಿ ಇಟ್ಟುಕೊಂಡರು. ಹಲ್ಲಿಗೆ ಹಳೆಯ ಸ್ಟೀಲ್ ಲೋಟವೇ. ರಾತ್ರಿ ಪಕ್ಕದ ಕೋಣೆಯಿಂದ ಟಣ್ ಅಂತ ಒಂದು ಸದ್ದು ಕೇಳುತ್ತಿತ್ತು. ಅದು ಕೇಳಿದ ಮೇಲೆ ನಾನು ಮಲಗುತ್ತಿದ್ದೆ.